ಎರಡು ಸಾವಿರ ಪುಸ್ತಕಕ್ಕೊಂದು ಕ್ಯಾಟಲಾಗ್: ಎಡವುವುದು ಹೆಸರಿನಲ್ಲಿ, ನಂಬರಿನಲ್ಲಲ್ಲ

ಓದುಗರು ಬಂದು ಕೇಳುವುದು "ಮಾಸ್ತಿಯವರ ಕತೆಗಳಿವೆಯಾ?" ಎಂದು. ಪಟ್ಟಿಯಲ್ಲಿ ಆ ಪುಸ್ತಕ 'ಅಯ್ಯಂಗಾರ್, ಎಂ.ವಿ.' ಎಂದು ಕೂತಿದ್ದರೆ ಉತ್ತರ "ಇಲ್ಲ" ಎಂದೇ ಬರುತ್ತದೆ. ಪುಸ್ತಕ ಮಾತ್ರ ಎರಡು ಮಾರು ದೂರದ ಕಪಾಟಿನಲ್ಲಿ ಧೂಳು ತಿನ್ನುತ್ತಿರುತ್ತದೆ. ಶಾಲೆ, ಸಂಘ, ಊರಿನ ವಾಚನಾಲಯ, ಇಲ್ಲವೇ ಮನೆಯ ಸಂಗ್ರಹಕ್ಕೆ ಕ್ಯಾಟಲಾಗ್ ಮಾಡುವವರು ಇದನ್ನು ಮೊದಲೇ ತಿಳಿದುಕೊಂಡರೆ ಮುಂದಿನ ಕೆಲಸ ಹಗುರ.

ಮೂರು ಸಾವಿರ ಪುಸ್ತಕದೊಳಗಿನ ಸಂಗ್ರಹಕ್ಕೆ ಒಂದು ಸ್ಪ್ರೆಡ್‌ಶೀಟ್ ಸಾಕು. ಅದಕ್ಕೂ ಹೆಚ್ಚಾದರೆ, ಅಥವಾ ಎರವಲು ಲೆಕ್ಕವೂ ಅದರಲ್ಲೇ ಬೇಕಾದರೆ, ಪುಕ್ಕಟೆ ಸಿಗುವ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಹಾಕಿಕೊಳ್ಳಬಹುದು. ಆದರೆ ಕೋಹಾ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಕಾಯಬೇಡಿ. ಕೊಳೆ ತುಂಬಿದ ಪಟ್ಟಿ ಅದರೊಳಗೂ ಕೊಳೆಯಾಗಿಯೇ ಇರುತ್ತದೆ.

ರಿಜಿಸ್ಟರ್ ಮತ್ತು ಕಾಲಂಗಳು

ಪ್ರತಿ ಪ್ರತಿಗೂ ಒಂದು ಪರಿಗ್ರಹಣ ಸಂಖ್ಯೆ, ಅಂದರೆ ಆಕ್ಸೆಷನ್ ನಂಬರ್. ಒಂದೇ ಪುಸ್ತಕದ ಎರಡು ಪ್ರತಿ ಇದ್ದರೆ ಎರಡು ಸಂಖ್ಯೆ. ಕಳೆದುಹೋದ ಪುಸ್ತಕದ ಸಂಖ್ಯೆಯನ್ನು ಹೊಸದಕ್ಕೆ ಕೊಡಬಾರದು. ಸಂಖ್ಯೆಯನ್ನು ಶೀರ್ಷಿಕೆ ಪುಟದ ಹಿಂಬದಿಯಲ್ಲೂ, ಒಳಗಿನ ಒಂದು ನಿಗದಿತ ಪುಟದಲ್ಲೂ (25ನೇ ಪುಟ ಎಂದಿಟ್ಟುಕೊಳ್ಳಿ) ಬರೆಯಿರಿ. ಮೊದಲು ಕಿತ್ತುಹೋಗುವುದು ಮುಂದಿನ ಪುಟಗಳೇ.

ವಿವರಗಳನ್ನು ರಕ್ಷಾಪುಟ ನೋಡಿ ಬರೆಯಬೇಡಿ. ಅಲ್ಲಿ ಚಿತ್ರಕಾರರು ಉಪಶೀರ್ಷಿಕೆ ಬಿಟ್ಟಿರುತ್ತಾರೆ, ಸಂಪಾದಕರ ಹೆಸರು ಲೇಖಕರ ಹೆಸರಿನಂತೆ ಕಾಣುತ್ತದೆ. ಒಳಗಿನ ಶೀರ್ಷಿಕೆ ಪುಟವನ್ನೂ ಅದರ ಬೆನ್ನ ಪುಟವನ್ನೂ ನೋಡಿ. ಕನ್ನಡ ಪುಸ್ತಕದ ಆ ಬೆನ್ನ ಪುಟದಲ್ಲಿ ಬೇಕಾದ್ದೆಲ್ಲ ಸಣ್ಣ ಅಕ್ಷರದಲ್ಲಿ ಇರುತ್ತದೆ: ಪ್ರಕಾಶಕರು, ಮುದ್ರಣ, ಪುಟ '12+240' ಎಂಬಂತೆ, ಬೆಲೆ, ಡೆಮಿ 1/8, ಕಾಗದ 70 ಜಿ.ಎಸ್.ಎಂ. ಕಾಗದದ ತೂಕ ನಮಗೆ ಬೇಡ. ಆದರೆ 'ಮೂರನೇ ಮುದ್ರಣ' ಮತ್ತು 'ಪರಿಷ್ಕೃತ ಆವೃತ್ತಿ' ಬೇರೆ ಬೇರೆ; ಒಂದರಲ್ಲಿ ಹೂರಣ ಅದೇ, ಇನ್ನೊಂದರಲ್ಲಿ ಬದಲಾಗಿದೆ. ಇದ್ದಂತೆಯೇ ಬರೆಯಿರಿ.

ಕಾಲಂಗಳು ಇಷ್ಟು: ಪರಿಗ್ರಹಣ ಸಂಖ್ಯೆ, ಕಾಲ್ ನಂಬರ್ (ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ಗುರುತು), ಲೇಖಕ, ಶೀರ್ಷಿಕೆ, ಸಂಪಾದಕ ಅಥವಾ ಅನುವಾದಕ, ಪ್ರಕಾಶಕ, ಊರು, ವರ್ಷ, ಮುದ್ರಣ, ಪುಟ, ಐ.ಎಸ್.ಬಿ.ಎನ್. (ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ), ವಿಷಯ. ಟೈಪಿಂಗ್ ಶುರು ಮಾಡುವ ಮುಂಚೆ ಸಂಖ್ಯೆಗಳ ಕಾಲಂಗಳನ್ನು 'ಟೆಕ್ಸ್ಟ್' ಎಂದು ಬದಲಿಸಿ. ಇಲ್ಲದಿದ್ದರೆ 13 ಅಂಕಿಯ ಐ.ಎಸ್.ಬಿ.ಎನ್. '9.78ಇ+12' ಎಂದು ಕುಗ್ಗಿ ಕಾಣುತ್ತದೆ, 0045 ಬರೀ 45 ಆಗುತ್ತದೆ. 2007ಕ್ಕೆ ಮುಂಚಿನ ಐ.ಎಸ್.ಬಿ.ಎನ್.ಗೆ ಹತ್ತೇ ಅಂಕಿ. ಹಳೆಯ ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಸಲ ಅದೂ ಇರುವುದಿಲ್ಲ; ಆ ಮನೆ ಖಾಲಿ ಬಿಡಿ.

ಹೆಸರು

'ಕುಲನಾಮ ಮೊದಲು, ಉಳಿದದ್ದು ಆಮೇಲೆ' ಎಂಬ ನಿಯಮ ಉತ್ತರ ಕರ್ನಾಟಕದ ಹೆಸರುಗಳಿಗೆ ಚೆನ್ನಾಗಿ ಹೊಂದುತ್ತದೆ: 'ಬೇಂದ್ರೆ, ದ.ರಾ.', 'ಕಣವಿ, ಚೆನ್ನವೀರ'. ಹಳೇ ಮೈಸೂರಿನ ಕಡೆ ಅದು ಮುಗ್ಗರಿಸುತ್ತದೆ. ಅಲ್ಲಿ ಮೊದಲ ಅಕ್ಷರಗಳು ಊರು ಮತ್ತು ತಂದೆಯ ಹೆಸರು, ಕೊನೆಯದು ವ್ಯಕ್ತಿಯ ಹೆಸರು. 'ಅಯ್ಯಂಗಾರ್' ಎಂಬಲ್ಲಿ ಹಾಕಿದರೆ ಮಾಸ್ತಿ, ಗೊರೂರು ಇಬ್ಬರೂ ಒಂದೇ ಗುಂಪಿಗೆ ಬಿದ್ದು, ಇಬ್ಬರೂ ಯಾರಿಗೂ ಸಿಗುವುದಿಲ್ಲ.

ಆದ್ದರಿಂದ ಪಾಲಿಸಬೇಕಾದ್ದು ಒಂದೇ: ಜನ ಯಾವ ಹೆಸರಿನಿಂದ ಕೇಳುತ್ತಾರೋ ಅದೇ ಮುಖ್ಯ ಹೆಸರು, ಉಳಿದ ಎಲ್ಲ ರೂಪಗಳಿಂದ ಅದಕ್ಕೆ 'ನೋಡಿ' ಸಾಲು. ಸ್ಪ್ರೆಡ್‌ಶೀಟಿನಲ್ಲಿ 'ಹೆಸರುಗಳು' ಎಂಬ ಇನ್ನೊಂದು ಹಾಳೆ ತೆರೆದು ಹೀಗೆ ಬರೆಯಿರಿ:

ಪುಟ್ಟಪ್ಪ, ಕೆ.ವಿ. — ನೋಡಿ: ಕುವೆಂಪು
ಅಂಬಿಕಾತನಯದತ್ತ — ನೋಡಿ: ಬೇಂದ್ರೆ, ದ.ರಾ.
ಅನಸೂಯಾ ಶಂಕರ್ — ನೋಡಿ: ತ್ರಿವೇಣಿ
ನರಸಿಂಹಾಚಾರ್, ಪು.ತಿ. — ನೋಡಿ: ಪು.ತಿ.ನ.
ವೆಂಕಟೇಶ ಅಯ್ಯಂಗಾರ್ — ನೋಡಿ: ಮಾಸ್ತಿ ವೆಂಕಟೇಶ ಅಯ್ಯಂಗಾರ್
ಶ್ರೀನಿವಾಸ — ನೋಡಿ: ಮಾಸ್ತಿ ವೆಂಕಟೇಶ ಅಯ್ಯಂಗಾರ್

ಇನಿಷಿಯಲ್ ಬಿಡುವ ಚಾಳಿ ಬೇಡ. ಬಿ.ಎಂ. ಶ್ರೀಕಂಠಯ್ಯ ಬೇರೆ, ತೀ.ನಂ. ಶ್ರೀಕಂಠಯ್ಯ ಬೇರೆ, 'ಶ್ರೀಕಂಠಯ್ಯ' ಎಂದಷ್ಟೇ ಬರೆದರೆ ಇಬ್ಬರ ಪುಸ್ತಕಗಳೂ ಬೆರೆಯುತ್ತವೆ. ಚುಕ್ಕಿ ಇಡುವುದಾದರೆ ಎಲ್ಲ ಕಡೆ ಇಡಿ. 'ಬಿ.ಎಂ.' ಮತ್ತು 'ಬಿ ಎಂ' ಮನುಷ್ಯರಿಗೆ ಒಂದೇ, ಕಂಪ್ಯೂಟರಿಗೆ ಎರಡು.

ಕಣ್ಣಿಗೆ ಕಾಣದ ತಪ್ಪುಗಳು

'ಕಂಬಾರ' ಮತ್ತು 'ಕ೦ಬಾರ' ಎರಡನ್ನೂ ಹತ್ತಿರದಿಂದ ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಕನ್ನಡದ ಸೊನ್ನೆ. ಅಚ್ಚಿನಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಹುಡುಕಿದಾಗ ಮಾತ್ರ ಅರ್ಧ ಪುಸ್ತಕಗಳು ಮಾಯ. ಲೇಖಕರ ಕಾಲಂ ಆರಿಸಿಕೊಂಡು ಸೊನ್ನೆಯನ್ನು ಅನುಸ್ವಾರಕ್ಕೆ ಬದಲಿಸಿ. ಇಡೀ ಹಾಳೆಗೆ ಒಟ್ಟಿಗೆ ಮಾಡಿದರೆ ೨೦೦೫ ಎಂಬ ವರ್ಷ ಕೆಟ್ಟು ಕೂರುತ್ತದೆ.

'ರಾಜ್‌ಕುಮಾರ್' ಎಂದು ಬಿಡಿಸಿ ಬರೆದಾಗ ನಡುವೆ ಕಾಣದ ಒಂದು ಅಕ್ಷರ ಇರುತ್ತದೆ. 'ರಾಜ್ಕುಮಾರ್' ಎಂದು ಹುಡುಕಿದರೆ ಅದು ಸಿಗದೆ ಹೋಗಬಹುದು. ಇಂಥ ಹೆಸರುಗಳಿಗೂ ಒಂದು 'ನೋಡಿ' ಸಾಲು ಹಾಕಿಬಿಡಿ. 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಮಾಡಿದ ಪಟ್ಟಿ ಕೈಗೆ ಬಂದರೆ ಯೂನಿಕೋಡಿಗೆ ಪರಿವರ್ತಿಸದೆ ಮುಟ್ಟಬೇಡಿ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಾರೆ ನೋಡಿ.

ಕಪಾಟಿನ ವಿಳಾಸ

ಪರಿಗ್ರಹಣ ಸಂಖ್ಯೆಯ ಕ್ರಮದಲ್ಲಿ ಪುಸ್ತಕ ಜೋಡಿಸುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ಒಬ್ಬರೇ ಲೇಖಕರ ಎರಡು ಕಾದಂಬರಿ ನಾಲ್ಕು ಬೀರು ದೂರ ಇರುತ್ತವೆ. ಜೋಡಿಸಬೇಕಾದ್ದು ಕಾಲ್ ನಂಬರ್ ಪ್ರಕಾರ: ವರ್ಗಸಂಖ್ಯೆ, ಅದರ ಕೆಳಗೆ ಮುಖ್ಯ ಹೆಸರಿನ ಮೊದಲೆರಡು ಅಕ್ಷರ.

ವಿಷಯಕ್ಕೊಂದು ವರ್ಗಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814. ಕೊನೆಗೆ 1 ಸೇರಿದರೆ ಕಾವ್ಯ, 2 ನಾಟಕ, 3 ಕಥೆ-ಕಾದಂಬರಿ, 4 ಪ್ರಬಂಧ. ತ್ರಿವೇಣಿಯವರ ಕಾದಂಬರಿಗೆ '894.8143 ತ್ರಿವೇ'. ಕರ್ನಾಟಕದ ಇತಿಹಾಸಕ್ಕೆ 954.87, ಅಡುಗೆಗೆ 641.5. ಬಹುಪಾಲು ಕನ್ನಡ ಪುಸ್ತಕಗಳೇ ಇರುವ ಕಡೆ ಪ್ರತಿ ಲೇಬಲ್ಲಿನ ಮೇಲೂ 894.814 ಬರೆಯುವುದು ದಂಡ. 'ಕ1', 'ಕ2', 'ಕ3' ಎಂದು ಮೊಟಕು ಮಾಡಿಕೊಂಡು ಅದರ ಅರ್ಥವನ್ನು ಗೋಡೆಗೆ ಅಂಟಿಸಿ.

ಎರಡು ಕಡೆ ಜಗಳ ಬರುತ್ತದೆ. ವಚನಗಳನ್ನು ಕಾವ್ಯದಲ್ಲಿ ಇಡುವುದೋ ಧರ್ಮದ 294.5ರಲ್ಲಿ ಇಡುವುದೋ? ಯಾವುದಾದರೂ ಒಂದು ಆರಿಸಿ, ನಿರ್ಧಾರವನ್ನು ಬರೆದಿಡಿ. ಎರಡರಲ್ಲೂ ಅರ್ಧರ್ಧ ಇಡುವುದೊಂದೇ ತಪ್ಪು. ಇನ್ನೊಂದು ಅನುವಾದ. ಬಂಗಾಳಿ ಕಾದಂಬರಿ ಕನ್ನಡಕ್ಕೆ ಬಂದರೂ ಡ್ಯೂಯಿಯಲ್ಲಿ ಅದು ಬಂಗಾಳಿಯದೇ, 891.443. ಆದರೆ ನಮ್ಮ ಓದುಗರು ಅನುವಾದಕರ ಹೆಸರು ಹಿಡಿದು ಬರುವುದೂ ಉಂಟು, ಹಾಗಾಗಿ ಆ ಕಾಲಂ ಖಾಲಿ ಬಿಡಬೇಡಿ.

ಲೇಬಲ್ ಬೆನ್ನಿನ ಬುಡದಿಂದ ಒಂದು ಇಂಚು ಮೇಲೆ, ಎಲ್ಲ ಪುಸ್ತಕಕ್ಕೂ ಒಂದೇ ಎತ್ತರದಲ್ಲಿ. ತೆಳು ಪುಸ್ತಕಕ್ಕೆ ಮುಂಭಾಗದ ಎಡಮೂಲೆಯಲ್ಲಿ. ಪ್ರತಿ ಹಲಗೆಯ ಮೂರನೇ ಒಂದು ಭಾಗ ಖಾಲಿ ಇರಲಿ. ಇಲ್ಲದಿದ್ದರೆ ಹತ್ತು ಹೊಸ ಪುಸ್ತಕಕ್ಕೆ ಇಡೀ ಕಪಾಟನ್ನೇ ಸರಿಸಬೇಕಾಗುತ್ತದೆ.

ಹುಡುಕುವವರಿಗೆ

ಪೂರ್ತಿ ಶೀರ್ಷಿಕೆ ಟೈಪ್ ಮಾಡಬೇಡಿ. ವಿಶೇಷವಾದ ಒಂದೇ ಪದ ಹಾಕಿ, ವಿಭಕ್ತಿ ಬಿಟ್ಟು: 'ಕಾಡಿನ' ಬದಲು 'ಕಾಡು', ಅದೂ ಆಗದಿದ್ದರೆ 'ಕಾಡ'. ಒಂದು ಕತೆ ಬೇಕಿದ್ದು ಸಿಗದಿದ್ದರೆ ಲೇಖಕರ ಹೆಸರಿನ ಜೊತೆ 'ಸಮಗ್ರ' ಎಂದು ಹುಡುಕಿ. ಸಂಪುಟದೊಳಗಿನ ಬಿಡಿ ಕತೆಗಳು ಕ್ಯಾಟಲಾಗಿಗೆ ಏರಿರುವುದು ಅಪರೂಪ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಕಚೇರಿ ಇಟ್ಟುಕೊಂಡು 1962ರಿಂದ ಭಾರತೀಯ ಭಾಷೆಗಳ ಪುಸ್ತಕ ಸಂಗ್ರಹಿಸುತ್ತ ಬಂದಿದೆ. ಹಾಗಾಗಿ ಅಮೆರಿಕದಲ್ಲಿರುವ ಕನ್ನಡಿಗರಿಗೆ ಇಲ್ಲಿ ಮುದ್ರಣ ಮುಗಿದ ಪುಸ್ತಕ ಅಲ್ಲೇ ಸಿಗಬಹುದು. ಆದರೆ ಆ ಕ್ಯಾಟಲಾಗುಗಳಲ್ಲಿ ಶೀರ್ಷಿಕೆ ರೋಮನ್ ಲಿಪಿಯಲ್ಲಿ, ಅದರದೇ ನಿಯಮದಲ್ಲಿ ಇರುತ್ತದೆ. 'ಚ' ಎಂದರೆ ಬರೀ 'ಸಿ'. 'ಸಿ-ಎಚ್' ಹಾಕಿದರೆ ಅದು 'ಛ'. 'ತ' ಎಂದರೆ 'ಟಿ', 'ಟಿ-ಎಚ್' ಅಂದರೆ 'ಥ'. 'ಚರಿತ್ರೆ'ಗೆ ಸಿ-ಎ-ಆರ್-ಐ-ಟಿ-ಆರ್-ಇ. ಅಕ್ಷರದ ಮೇಲಿನ ಗೆರೆ, ಕೆಳಗಿನ ಚುಕ್ಕಿಗಳನ್ನು ಬಿಟ್ಟರೂ ಸಾಮಾನ್ಯವಾಗಿ ನಡೆಯುತ್ತದೆ.

ಕೊನೆಯದಾಗಿ, ಕೌಂಟರಿನ ಮೇಲೆ ದಾರ ಕಟ್ಟಿದ ಪೆನ್ನಿನ ಜೊತೆ ಒಂದು ನೋಟ್‌ಬುಕ್ ಇಡಿ. ಓದುಗರು ಕೇಳಿ ಸಿಗದೆ ಹೋದದ್ದನ್ನು ಅವರ ಮಾತಿನಲ್ಲೇ ಅದರಲ್ಲಿ ಬರೆಯಲಿ. ವಾರಕ್ಕೊಮ್ಮೆ ಅದನ್ನು ಕಪಾಟಿನ ಜೊತೆ ತಾಳೆ ನೋಡಿ. ಪುಸ್ತಕ ಇದ್ದೂ ಸಿಕ್ಕಿರದಿದ್ದರೆ ಅವರು ಬರೆದ ರೂಪದಿಂದಲೇ ಒಂದು 'ನೋಡಿ' ಸಾಲು, ಪುಸ್ತಕವೇ ಇಲ್ಲದಿದ್ದರೆ ಖರೀದಿ ಪಟ್ಟಿಗೆ ಒಂದು ಸಾಲು.