ಇನ್ಸುಲಿನ್ ಪಾಠಕ್ಕೆ ಮಾಟುಂಗಾದ ಅಡುಗೆಯವರು

ಮುಂಬೈಯಲ್ಲಿ ಎಂಬಿಬಿಎಸ್ ಹುಡುಗರಿಗೆ ಪಾಠ ಮಾಡುವವಳು ನಾನು. ಸಕ್ಕರೆ ಕಾಯಿಲೆಯ ಒಂದು ಕ್ಲಾಸನ್ನು ಮಾತ್ರ ಈಗ ನಾನು ಮಾಡುವುದಿಲ್ಲ. ಮಾಟುಂಗಾದ ಹೋಟೆಲೊಂದರಲ್ಲಿ ಅಡುಗೆ ಮಾಡುವ, ಕುಂದಾಪುರ ಕಡೆಯ ರೋಗಿಯೊಬ್ಬರು ಮಾಡುತ್ತಾರೆ.

ವಾರ್ಡಿನಲ್ಲಿ ರೋಗಿಯನ್ನು ತೋರಿಸಿ ಪಾಠ ಮಾಡುವುದು ಹಳೆಯ ಪದ್ಧತಿ. ಅಲ್ಲಿ ರೋಗಿ ಮಲಗಿರುತ್ತಾರೆ, ಮಾತಾಡುವವರು ನಾವು. 1963ರಲ್ಲಿ ಅಮೆರಿಕದ ನರರೋಗ ತಜ್ಞ ಹೋವರ್ಡ್ ಬ್ಯಾರೋಸ್ ಕಾಯಿಲೆ ಇಲ್ಲದವರಿಗೆ ತರಬೇತಿ ಕೊಟ್ಟು ರೋಗಿಯ ಪಾತ್ರ ಮಾಡಿಸುವ ಕ್ರಮ ತಂದರು. ಹುಡುಗರ ಪರೀಕ್ಷೆಗೆ ಅದು ಒಳ್ಳೆಯದೇ. ಆದರೆ ಕಾಯಿಲೆ ಇಟ್ಟುಕೊಂಡು ದುಡಿಯುವುದು ಹೇಗೆ ಅಂತ ಹೇಳಲು ದುಡಿಯುವವರೇ ಬೇಕು, ಅಲ್ವಾ? 2019ರಿಂದ ನಮ್ಮ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ ಮತ್ತು ರೋಗಿಯ ಜೊತೆಗಿನ ಮಾತುಕತೆಗೆ ಬೇರೆಯೇ ಗಂಟೆಗಳಿವೆ. ಅದರಲ್ಲೊಂದನ್ನು ಇವರಿಗೆ ಕೊಟ್ಟೆ.

ಮೊದಲು ಕೂತು ಮಾತಾಡಿದೆವು. ಹುಡುಗರಿಗೆ ಏನು ಹೇಳಬೇಕು, ಯಾವ ವಿಷಯ ಬೇಡ ಎಂಬುದನ್ನು ಅವರೇ ತೀರ್ಮಾನಿಸಿದರು. ಒಪ್ಪದಿದ್ದರೂ ಚಿಕಿತ್ಸೆ ಎಂದಿನಂತೆಯೇ ನಡೆಯುತ್ತದೆ, ನಡುವೆ ಎದ್ದು ಹೋಗಲೂಬಹುದು ಎಂದು ಸ್ಪಷ್ಟವಾಗಿ ಹೇಳಿದೆ. ಅರ್ಧ ದಿನದ ಸಂಬಳ, ಓಡಾಟದ ಖರ್ಚು ವಿಭಾಗದಿಂದ ಕೊಡಿಸುತ್ತೇನೆ. ಪಾಠ ಮಾಡಿದವರಿಗೆ ದುಡ್ಡು ಸಿಗಲೇಬೇಕು.

ಅವರು ಹಿಂದಿಯಲ್ಲಿ ಶುರು ಮಾಡುತ್ತಾರೆ. ಮಾತು ಸಿಗದಾಗ ಕನ್ನಡಕ್ಕೆ ಬರುತ್ತಾರೆ, ಅದನ್ನು ನಾನು ಹುಡುಗರಿಗೆ ತಿಳಿಸುತ್ತೇನೆ. ಬೇಗ ಕೆಲಸ ಮಾಡುವುದನ್ನೂ ನಿಧಾನಕ್ಕೆ ಕೆಲಸ ಮಾಡುವುದನ್ನೂ ಬೆರೆಸಿದ 30/70 ಇನ್ಸುಲಿನ್ನನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಚುಚ್ಚಿಕೊಳ್ಳಬೇಕು ಎಂದು ವಿದ್ಯಾರ್ಥಿನಿಯೊಬ್ಬಳು ಸರಿಯಾಗಿಯೇ ಹೇಳಿದಳು. ಅದಕ್ಕೆ ಅವರು ಕೇಳಿದರು:

"ಗಿರಾಕಿ ಎಲ್ಲ ಮುಗಿದ ಮೇಲೆ ನಮ್ಮ ಊಟ. ಒಂದು ರಾತ್ರಿ ಹತ್ತೂವರೆ, ಇನ್ನೊಂದು ರಾತ್ರಿ ಹನ್ನೆರಡು. ಅರ್ಧ ಗಂಟೆ ಮುಂಚೆ ಅಂದ್ರೆ ಯಾವಾಗ ಮಗಾ?"

ಚುಚ್ಚಿಕೊಂಡ ಮೇಲೆ ಊಟ ತಡವಾದರೆ ಸಕ್ಕರೆ ಇಳಿಯುತ್ತದೆ. ಮೈ ಬೆವರುತ್ತದೆ, ಕೈ ನಡುಗುತ್ತದೆ. ಪುಸ್ತಕದಲ್ಲೂ ಹಾಗೇ ಇದೆ. ಇವರು ಹೇಳಿದ್ದು: "ಒಲೆ ಮುಂದೆ ಎಲ್ಲರೂ ಬೆವರ್ತಾರೆ. ಬೆಂಕಿಗೋ ಸಕ್ಕರೆ ಇಳಿದಿದ್ದಕ್ಕೋ, ನನಗೇ ಗೊತ್ತಾಗಲ್ಲ. ಸೌಟು ನಡುಗಿದ್ರೆ ಮಾತ್ರ ಜೇಬಿನ ಸಕ್ಕರೆ ಬಾಯಿಗೆ ಹಾಕ್ತೇನೆ." ಇಷ್ಟು ವರ್ಷ ಪಾಠ ಮಾಡಿದ ನನಗೂ ಇದು ಹೊಸದು. ಅಂದೇ ಅವರ ಇನ್ಸುಲಿನ್ ಬದಲಿಸುವ ಬಗ್ಗೆ ಅವರ ಡಾಕ್ಟರ ಜೊತೆ ಮಾತಾಡಿದೆ.

ಈಗ ನನ್ನ ಹುಡುಗರು ಔಷಧಿ ಬರೆಯುವ ಮೊದಲು ಕೆಲಸ ಏನು, ಊಟ ಎಷ್ಟು ಹೊತ್ತಿಗೆ ಅಂತ ಕೇಳುತ್ತಾರೆ. ಕ್ಲಾಸ್ ಮುಗಿದ ಮೇಲೆ ಯಾರು ಮುಖ ನೋಡಿ ಮಾತಾಡಿದರು, ಯಾರು ಉತ್ತರ ಮುಗಿಯುವ ಮೊದಲೇ ಮುಂದಿನ ಪ್ರಶ್ನೆ ಕೇಳಿದರು ಎಂದು ಅಡುಗೆಯವರು ಒಬ್ಬೊಬ್ಬರ ಬಗ್ಗೆ ಹೇಳುತ್ತಾರೆ. ಅದನ್ನು ಹುಡುಗರ ಲಾಗ್‌ಬುಕ್‌ನಲ್ಲಿ ನನ್ನ ಅಭಿಪ್ರಾಯಕ್ಕಿಂತ ಮೇಲೆ ಬರೆಯುತ್ತೇನೆ.