ಎನ್‌ಎಂಎಂಎಸ್ ಸ್ಕಾಲರ್‌ಶಿಪ್: ಪಾಸಾದ ಮೇಲಿನ ನಾಲ್ಕು ವರ್ಷ

ಎನ್‌ಎಂಎಂಎಸ್ (ನ್ಯಾಷನಲ್ ಮೀನ್ಸ್-ಕಮ್-ಮೆರಿಟ್ ಸ್ಕಾಲರ್‌ಶಿಪ್) ಪರೀಕ್ಷೆಗೆ ಹೇಗೆ ಓದಬೇಕು ಅಂತ ಕೇಳುವವರು ತುಂಬಾ ಜನ. ಪಾಸಾದ ಮೇಲೆ ಅದನ್ನು ನಾಲ್ಕು ವರ್ಷ ಉಳಿಸಿಕೊಳ್ಳುವುದು ಹೇಗೆ ಅಂತ ಯಾರೂ ಕೇಳುವುದಿಲ್ಲ. ನನಗೆ ಕಷ್ಟವಾಗಿದ್ದು ಎರಡನೆಯದೇ.

ಇದು 2008ರಲ್ಲಿ ಶುರುವಾದ ಕೇಂದ್ರದ ಯೋಜನೆ. ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳು ಪರೀಕ್ಷೆ ಬರೆಯಬಹುದು, ಆದರೆ ಮನೆಯ ವಾರ್ಷಿಕ ಆದಾಯ 3.5 ಲಕ್ಷ ದಾಟಿರಬಾರದು. ಕೇಂದ್ರೀಯ ವಿದ್ಯಾಲಯ, ನವೋದಯದವರಿಗೆ ಇಲ್ಲ. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ.

ಪರೀಕ್ಷೆಯಲ್ಲಿ ಮ್ಯಾಟ್ (ಯೋಚನಾ ಸಾಮರ್ಥ್ಯದ್ದು), ಸ್ಯಾಟ್ (ಶಾಲೆಯ ಪಾಠದ್ದು) ಅಂತ ಎರಡು ಪತ್ರಿಕೆ, ತಲಾ 90 ಪ್ರಶ್ನೆ. ಸ್ಯಾಟ್‌ಗೆ ಏಳು, ಎಂಟನೇ ತರಗತಿಯ ಪಠ್ಯಪುಸ್ತಕ ಗಟ್ಟಿಯಾಗಿ ಓದಿದರೆ ಸಾಕು. ಮ್ಯಾಟ್ ಹಾಗಲ್ಲ. ಸಂಖ್ಯಾ ಸರಣಿ, ಗುಂಪಿಗೆ ಸೇರದ ಪದ, ಕನ್ನಡಿ ಬಿಂಬ, ಇವನ್ನೆಲ್ಲ ಶಾಲೆಯಲ್ಲಿ ಯಾರೂ ಪಾಠ ಮಾಡಿರುವುದಿಲ್ಲ ಅಲ್ವಾ? ನಮ್ಮ ಗಣಿತದ ಮೇಷ್ಟ್ರು ಹಳೇ ಪ್ರಶ್ನೆಪತ್ರಿಕೆ ಹುಡುಕಿ ತಂದು, ಶಾಲೆ ಬಿಟ್ಟ ಮೇಲೆ ನಮ್ಮನ್ನು ಕೂರಿಸಿಕೊಳ್ಳುತ್ತಿದ್ದರು. ಸರಿ ಉತ್ತರ ಹೇಳಿದರೆ ಬಿಡುತ್ತಿರಲಿಲ್ಲ, ಉಳಿದ ಮೂರು ಯಾಕೆ ಆಗಲ್ಲ ಹೇಳು ಅನ್ನುತ್ತಿದ್ದರು. ಅವರಿಗೆ ಅದಕ್ಕೆ ಯಾರೂ ಒಂದು ರೂಪಾಯಿ ಕೊಟ್ಟಿಲ್ಲ.

ನನಗೆ ವೆಟರ್ನರಿ ಓದುವ ಆಸೆ. ಮನೆಯಲ್ಲಿ ಹಸುಗಳಿದ್ದವು, ಕಾಯಿಲೆ ಬಿದ್ದರೆ ಡಾಕ್ಟರ್ ಸಿಗುವುದೇ ದೊಡ್ಡ ಮಾತು. ಆದರೆ ಎಸ್‌ಎಸ್‌ಎಲ್‌ಸಿ ಮುಗಿದಾಗ ನೆಂಟರೆಲ್ಲ ಸೈನ್ಸ್ ಬೇಡ, ಟ್ಯೂಷನ್ ಖರ್ಚು ಯಾರು ನೋಡ್ತಾರೆ ಅಂತ ಶುರು ಮಾಡಿದರು. ಅಮ್ಮ ಒಂದೇ ಮಾತು ಹೇಳಿದಳು: "ಅವಳ ದುಡ್ಡಲ್ಲಿ ಅವಳು ಓದ್ತಾಳೆ, ನಿಮಗೇನು ಕಷ್ಟ?" ನಿಜ ಹೇಳಬೇಕೆಂದರೆ ತಿಂಗಳಿಗೆ ಸಾವಿರ ರೂಪಾಯಿಯಲ್ಲಿ ಸೈನ್ಸ್ ಓದಲು ಆಗಲ್ಲ. ಪುಸ್ತಕ, ಬಸ್ ಪಾಸ್, ರೆಕಾರ್ಡ್ ಬುಕ್‌ಗೆ ಆಯಿತು, ಉಳಿದದ್ದಕ್ಕೆ ಹಾಲಿನ ದುಡ್ಡೇ ಗತಿ. ಆದರೂ ಅವತ್ತು ಅಮ್ಮನಿಗೆ ಆ ಮಾತು ಹೇಳಲು ಧೈರ್ಯ ಬಂದಿದ್ದು ಆ ಸ್ಕಾಲರ್‌ಶಿಪ್‌ನಿಂದಲೇ.

ಇನ್ನು ಕಾಗದಪತ್ರದ ಗೋಳು. ಪ್ರತಿ ವರ್ಷ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ರಿನ್ಯೂವಲ್ ಹಾಕಬೇಕು. ಅರ್ಜಿ ಹಾಕಿದರೆ ಮುಗಿಯಲಿಲ್ಲ, ಮೊದಲು ಶಾಲೆಯವರು, ಆಮೇಲೆ ಜಿಲ್ಲಾ ಮಟ್ಟದಲ್ಲಿ ವೆರಿಫೈ ಮಾಡಬೇಕು. ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ, ಶಾಲೆ ದಾಖಲೆಯಲ್ಲಿ ಮುಂದೆ ಇದ್ದರೂ ತಕರಾರು ಬರುತ್ತದೆ. ಇದನ್ನು ಎಂಟನೇ ತರಗತಿಯಲ್ಲೇ ಸರಿಮಾಡಿಸಿ. ದುಡ್ಡು ಬರುವುದು ಆಧಾರ್ ಸೀಡ್ ಆಗಿರುವ, ಅಂದರೆ ಆಧಾರ್ ನಂಬರ್ ಜೋಡಿಸಿರುವ ಖಾತೆಗೆ ಮಾತ್ರ. ಮಧ್ಯೆ ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು ಅದಕ್ಕೆ ಸೀಡ್ ಮಾಡಿಸಿದರೆ ದುಡ್ಡು ಅಲ್ಲಿಗೆ ಹೋಗುತ್ತದೆ, ನೀವು ಹಳೇ ಪಾಸ್‌ಬುಕ್ ಹಿಡಿದು ಸುಮ್ನೆ ಓಡಾಡುತ್ತೀರಿ. ಫೀಸ್ ಕಟ್ಟುವ ಹೊತ್ತಿಗೆ ಬರುತ್ತದೆ ಅಂತಲೂ ಲೆಕ್ಕ ಹಾಕಬೇಡಿ.

ಜಾಸ್ತಿ ಮಕ್ಕಳು ಕೈಬಿಡುವುದು ಪಿಯುಸಿಗೆ ಸೇರಿದಾಗ. ಹತ್ತನೇ ತರಗತಿಯಲ್ಲಿ ಶೇ. 60 ಬಂದಿರಬೇಕು, ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಶೇ. 55. ಅಂಕ ಇದ್ದರೂ ಹೊಸ ಕಾಲೇಜಿನವರು ವೆರಿಫೈ ಮಾಡದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ನಾನು ಸೇರಿದ ಕಾಲೇಜಿನ ಆಫೀಸಿನಲ್ಲಿ ಇಂಥ ಸ್ಕಾಲರ್‌ಶಿಪ್ಪೇ ಇಲ್ಲ ಅಂದುಬಿಟ್ಟರು. ಹೈಸ್ಕೂಲ್ ಬಿಟ್ಟು ಬಂದಿದ್ದರೂ ಅದೇ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಸೈಕಲ್ ಹತ್ತಿ ಕಾಲೇಜಿಗೆ ಬಂದು, ಕ್ಲರ್ಕ್ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಲಾಗಿನ್ ಆಗಿ ವೆರಿಫೈ ಒತ್ತುವ ತನಕ ಏಳಲಿಲ್ಲ. ಹಾಗಾಗಿ ಪಿಯುಸಿ ಅಡ್ಮಿಷನ್ ಮಾಡಿಸುವ ದಿನವೇ, ಈ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ವೆರಿಫೈ ಮಾಡುವವರು ಯಾರು ಅಂತ ಕೇಳಿ, ಅವರ ನಂಬರ್ ತಗೊಂಡೇ ಬನ್ನಿ.