ಘಟ್ಟ ಇಳಿದು ಕಾಸರಗೋಡಿಗೆ ಹೋಟೆಲ್ ಇಡೋಕೆ ಬರೋರಿಗೆ

ಹಾಸನದ ಕಡೆಯಿಂದ ಬಂದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ರ ಸಣ್ಣದೊಂದು ಹೋಟೆಲ್ ಹಾಕ್ಕೊಂಡು ನಂಗೆ ಹದಿನಾಲ್ಕು ವರ್ಷ ಆಯ್ತು. ಈಚೆಗೆ ನಮ್ಮ ಕಡೆ ಹುಡುಗರು ತುಂಬಾ ಜನ ಫೋನ್ ಮಾಡಿ ಅಣ್ಣಾ ಅಲ್ಲಿ ಎಲ್ಲಾರೂ ಕನ್ನಡ ಮಾತಾಡ್ತಾರಂತಲ್ಲ, ಒಂದು ದರ್ಶಿನಿ ಹಾಕಿದ್ರೆ ನಡೆಯುತ್ತಾ ಅಂತ ಕೇಳ್ತಾರೆ, ಒಬ್ಬೊಬ್ಬರಿಗೆ ಹೇಳೋ ಬದಲು ಒಂದೇ ಸಲ ಬರೆದುಬಿಡ್ತೀನಿ. ನಡೆಯುತ್ತೆ, ಖಂಡಿತ ನಡೆಯುತ್ತೆ. ಆದ್ರೆ ಬೋರ್ಡು ಕನ್ನಡದಲ್ಲಿದೆ, ಬಸ್ಸಲ್ಲಿ ಪಕ್ಕದೋರು ಕನ್ನಡ ಮಾತಾಡ್ತಾರೆ ಅಂತ ಇದು ನಮ್ಮೂರಿನ ಥರಾನೇ ಅಂದ್ಕೊಂಡು ಬರಬೇಡಿ. ಭಾಷೆ ಗೊತ್ತಿರೋದ್ರಿಂದಲೇ ನಾವು ಇಲ್ಲಿ ಎಡವೋದು. ಮಾತು ಅರ್ಥ ಆಗುತ್ತಲ್ಲ ಅಂತ ಊಟಾನೂ ಅರ್ಥ ಆಯ್ತು ಅಂದ್ಕೊಂಡುಬಿಡ್ತೀವಿ.

ಸಜ್ಜಿಗೆಯಿಂದಲೇ ಶುರು ಮಾಡ್ತೀನಿ. ನಮ್ಮಲ್ಲಿ ಸಜ್ಜಿಗೆ ಅಂದ್ರೆ ಸಿಹಿ, ಸತ್ಯನಾರಾಯಣ ಪೂಜೆಗೆ ರವೆ ತುಪ್ಪ ಸಕ್ಕರೆ ಬಾಳೆಹಣ್ಣು ಹಾಕಿ ಮಾಡೋದು. ನಾನು ಮೊದಲನೇ ವಾರ ಬೋರ್ಡಲ್ಲಿ "ಬಿಸಿ ಬಿಸಿ ಸಜ್ಜಿಗೆ" ಅಂತ ಬರೆದಿಟ್ಟೆ. ಬೆಳಿಗ್ಗೆ ರಿಟೈರ್ಡ್ ಮಾಷ್ಟ್ರೊಬ್ಬರು ಬಂದು ಸಜ್ಜಿಗೆ ಬಜಿಲ್ ಕೊಡಿ ಅಂದ್ರು, ಬಜಿಲ್ ಏನು ಅಂತ ನಂಗೆ ಗೊತ್ತಿಲ್ಲ, ಸಜ್ಜಿಗೆ ಮಾತ್ರ ಕೊಟ್ಟೆ. ಅವರು ಒಂದು ಚಮಚ ಬಾಯಿಗಿಟ್ಟು ನನ್ನ ಮುಖ ನೋಡಿದ್ರು, ಏನೂ ಅನ್ನದೆ ಪೂರ್ತಿ ತಿಂದು, ಕೈ ತೊಳೆದು, ದುಡ್ಡು ಕೊಡುವಾಗ ಮೆಲ್ಲಗೆ ಹೇಳಿದ್ರು, "ಇಲ್ಲಿ ಸಜ್ಜಿಗೆ ಅಂದ್ರೆ ನಿಮ್ಮ ಉಪ್ಪಿಟ್ಟು. ಬಜಿಲ್ ಅಂದ್ರೆ ಅವಲಕ್ಕಿ. ಎರಡನ್ನೂ ಕಲಸಿ ತಿನ್ನುದು, ನಾಳೆ ಮಾಡಿಡಿ, ನಾನು ಬರ್ತೇನೆ." ಮಾರನೇ ದಿನ ನಿಜಕ್ಕೂ ಬಂದ್ರು, ಜೊತೆಗೆ ಇನ್ನಿಬ್ಬರನ್ನ ಕರ್ಕೊಂಡು ಬಂದ್ರು. ಈ ಊರಿನ ಗುಣಾನೇ ಅದು. ತಪ್ಪನ್ನ ಎಲ್ಲರ ಮುಂದೆ ಹೇಳಲ್ಲ, ಒಬ್ಬರೇ ಇದ್ದಾಗ ಹೇಳ್ತಾರೆ, ಹೇಳಿದ್ಮೇಲೆ ತಿದ್ಕೊಂಡಿದ್ದೀವಾ ಅಂತ ನೋಡೋಕೆ ಬಂದೇ ಬರ್ತಾರೆ.

ಇನ್ನು ಮುಖ್ಯವಾದ ವಿಷಯ ಅಕ್ಕಿ. ಊಟಕ್ಕೆ ಕೂತೋರು ಮೊದಲು ಕೇಳೋದು "ಬೆಳ್ತಿಗೆಯಾ ಕುಚ್ಚಿಲಾ" ಅಂತ. ಬೆಳ್ತಿಗೆ ಅಂದ್ರೆ ನಮ್ಮ ಬಿಳಿ ಅನ್ನ, ಕುಚ್ಚಿಲು ಅಂದ್ರೆ ಭತ್ತ ಬೇಯಿಸಿ ಒಣಗಿಸಿ ಮಾಡಿಸಿದ ಕೆಂಪು ಗೆರೆ ಇರೋ ದಪ್ಪ ಅಕ್ಕಿ. ನಾನು ಸೋನಾ ಮಸೂರಿ ಒಂದೇ ಇಟ್ಟು ಎರಡು ತಿಂಗಳು ಕಷ್ಟ ಪಟ್ಟೆ, ಜನ ತಿಂಡಿಗೆ ಬರೋರು, ಊಟಕ್ಕೆ ಎದುರುಗಡೆ ಹೋಗೋರು. ಕುಚ್ಚಿಲು ತಂದ್ಮೇಲೂ ಸರಿ ಹೋಗಲಿಲ್ಲ, ಯಾಕಂದ್ರೆ ನಾನು ಅದನ್ನ ನಮ್ಮ ಅಕ್ಕಿ ಥರ ಅಳತೆ ನೀರಿಟ್ಟು ಕುಕ್ಕರಲ್ಲಿ ಕೂಗಿಸ್ತಿದ್ದೆ. ಹಿಂದಿನ ಮನೆ ಅಕ್ಕ ಒಂದಿನ ತೆಂಗಿನಕಾಯಿ ಕೊಡೋಕೆ ಬಂದೋರು ಪಾತ್ರೆಯಿಂದ ಒಂದು ಅಗುಳು ತೆಗೆದು ಹೆಬ್ಬೆರಳು ತೋರುಬೆರಳಿನ ಮಧ್ಯ ಇಟ್ಟು ಒತ್ತಿದ್ರು, ಹೊರಗೆ ಮೆತ್ತಗೆ ಒಳಗೆ ಬಿಳಿ ಚುಕ್ಕಿ ಗಟ್ಟಿ. "ಇದು ಬೆಂದದ್ದಲ್ಲ, ಬಿಸಿಯಾದದ್ದು" ಅಂದ್ರು. ಆಮೇಲೆ ಅವರೇ ನಿಂತು ತೋರಿಸಿಕೊಟ್ರು. ದೊಡ್ಡ ಪಾತ್ರೆ ತುಂಬ ನೀರು ಕುದಿಸಿ, ನಾಲ್ಕು ಸಲ ತೊಳೆದ ಅಕ್ಕಿ ಹಾಕಿ, ಮುಕ್ಕಾಲು ಗಂಟೆ ಒಂದು ಗಂಟೆ ನಿಧಾನಕ್ಕೆ ಬೇಯಿಸಿ, ಉರಿ ಆರಿಸಿ ಮುಚ್ಚಿಟ್ಟು, ಅಗುಳು ಒತ್ತಿದ್ರೆ ಚುಕ್ಕಿ ಇಲ್ಲದಂಗೆ ಹಿಸುಕಿ ಹೋಗಬೇಕು ಆದ್ರೆ ಒಡೀಬಾರದು, ಆಗ ಬಗ್ಗಿಸೋದು. ಬಗ್ಗಿಸಿದ ನೀರನ್ನ ಇಲ್ಲಿ ತೆಳಿ ಅಂತಾರೆ, ಅದನ್ನ ಚರಂಡಿಗೆ ಬಿಡಬೇಡಿ, ಒಂದು ಚಿಟಿಕೆ ಉಪ್ಪು ಹಾಕಿಟ್ರೆ ತೋಟದ ಕೆಲಸದಿಂದ ಬಂದೋರು ಊಟಕ್ಕೆ ಮುಂಚೆ ಒಂದು ಲೋಟ ಕೇಳಿ ಕುಡೀತಾರೆ. ಈಗ ನಮ್ಮಲ್ಲಿ ದಿನಾ ಆಗೋ ಅನ್ನದಲ್ಲಿ ಮುಕ್ಕಾಲು ಪಾಲು ಕುಚ್ಚಿಲೇ.

ಎಣ್ಣೆ ಅಂದ್ರೆ ತೆಂಗಿನೆಣ್ಣೆ. ನಮ್ಮೋರಿಗೆ ತಲೆಗೆ ಹಚ್ಚೋ ಎಣ್ಣೆ ವಾಸನೆ ಅಂತ ಮೊದಲು ಅನ್ಸುತ್ತೆ, ಒಂದು ವರ್ಷ ಆದ್ಮೇಲೆ ಬೇರೆ ಎಣ್ಣೆಯ ಒಗ್ಗರಣೆ ರುಚಿಸಲ್ಲ. 2025ರಲ್ಲಿ ತೆಂಗಿನೆಣ್ಣೆ ರೇಟು ವಿಪರೀತ ಏರಿದಾಗ ನಾನೂ ಪಾಮ್ ಎಣ್ಣೆ ಕಡೆ ಹೋಗೋಣ ಅಂದ್ಕೊಂಡೆ, ಕರಿಯೋದಕ್ಕೆ ಮಾತ್ರ ಹೋದೆ, ಪಲ್ಯಕ್ಕೆ ಸಾಂಬಾರಿಗೆ ಮುಟ್ಟಲಿಲ್ಲ, ಮುಟ್ಟಿದ್ರೆ ಮೊದಲ ತುತ್ತಿಗೇ ಗೊತ್ತಾಗುತ್ತೆ ಇಲ್ಲಿನೋರಿಗೆ. ಸಾಂಬಾರಿಗೆ ಕಾಯಿ ಅರೆದು ಹಾಕಬೇಕು, ಸಾಂಬಾರ್ ಪುಡಿ ಕಲಸಿ ಇಳಿಸೋ ನಮ್ಮ ದರ್ಶಿನಿ ಅಭ್ಯಾಸ ಬಿಡಿ.

ತರಕಾರಿ ಹೆಸರು ಒಂದಿಷ್ಟು ಕಲ್ತುಕೊಂಡು ಬನ್ನಿ, ಸಂತೇಲಿ ಪರದಾಡೋದು ತಪ್ಪುತ್ತೆ. ಈರುಳ್ಳಿಗೆ ನೀರುಳ್ಳಿ, ಎಳೆ ಹಲಸಿನಕಾಯಿಗೆ ಗುಜ್ಜೆ, ಜೀಗುಜ್ಜೆ ಅಂದ್ರೆ ಬೇರೆ ಮರದ ಕಾಯಿ, ಉದ್ದ ಹುರುಳಿಕಾಯಿ ಥರದ್ದು ಅಲಸಂಡೆ, ಪರಂಗಿಗೆ ಬಪ್ಪಂಗಾಯಿ, ಕಲ್ಲಂಗಡಿಗೆ ಬಚ್ಚಂಗಾಯಿ. ಬಪ್ಪಂಗಾಯಿ ಬಚ್ಚಂಗಾಯಿ ನಂಗೆ ಈಗ್ಲೂ ಒಂದೊಂದ್ಸಲ ತಿರುವು ಮುರುವು ಆಗುತ್ತೆ. ಸೌತೆ ಅಂದ್ರೆ ಸಾಂಬಾರಿಗೆ ಹಾಕೋ ಹಳದಿ ಸೌತೆ, ಹಸಿ ತಿನ್ನೋದಕ್ಕೆ ಮುಳ್ಳುಸೌತೆ ಅಂತಲೇ ಕೇಳಬೇಕು. ಟೊಮೇಟೊ ಬೀನ್ಸ್ ಎಲ್ಲಾ ಘಟ್ಟದ ಮೇಲಿಂದಲೇ ಲಾರೀಲಿ ಬರೋದು, ನಮ್ಮನ್ನೂ ಇಲ್ಲಿ ಕರೆಯೋದು ಘಟ್ಟದವರು ಅಂತಲೇ, ಅದ್ರಲ್ಲಿ ಕೀಳು ಏನೂ ಇಲ್ಲ, ಬೇಜಾರ್ ಮಾಡ್ಕೋಬೇಡಿ.

ನೀರಿನ ಬಗ್ಗೆ ಒಂದು ಮಾತು. ಟೇಬಲ್ ಮೇಲೆ ತಣ್ಣೀರಿನ ಜಗ್ ಇಟ್ಟು ಸುಮ್ನಾಗಬೇಡಿ. ಕುದಿಸಿದ ನೀರು ಬೇಕು, ಜೀರಿಗೆ ಹಾಕಿದ್ದೋ, ಪದಿಮುಗಂ ಮರದ ಚೆಕ್ಕೆ ಹಾಕಿದ್ದೋ. ಆ ಚೆಕ್ಕೆ ಹಾಕಿದ್ರೆ ನೀರು ತಿಳಿ ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ಮೊದಲನೇ ಸಲ ನೋಡಿದಾಗ ಯಾರೋ ಶರಬತ್ತು ಕೊಟ್ರು ಅಂದ್ಕೊಂಡಿದ್ದೆ. ಮಳೆಗಾಲದಲ್ಲಿ ಬಾವಿ ನೀರು ಕಲಕಿರುತ್ತೆ, ಹಂಗಾಗಿ ಬೆಳಿಗ್ಗೆ ಐದಕ್ಕೆ ನಮ್ಮಲ್ಲಿ ಮೊದಲು ಒಲೆ ಮೇಲೆ ಏರೋದು ಚಾ ಅಲ್ಲ, ಕುಡಿಯೋ ನೀರಿನ ಹಂಡೆ.

ಊರಿನ ಗಡಿಯಾರ ಬೇರೆ. ಆರು ಗಂಟೆಗೆ ರಬ್ಬರ್ ಟ್ಯಾಪಿಂಗ್ ಹುಡುಗರು ಒಂದು ಕಟ್ಟನ್ ಚಾಯ ಕುಡಿದು ಹೋಗ್ತಾರೆ, ಅಂದ್ರೆ ಹಾಲಿಲ್ಲದ ಕಪ್ಪು ಚಾ, ತಿಂಡಿ ತಿನ್ನೋದು ರಬ್ಬರ್ ಹಾಲು ಇಳಿಸಿ ಬಂದ್ಮೇಲೆ ಒಂಬತ್ತು ಹತ್ತಕ್ಕೆ. ನಾನು ಬೆಂಗಳೂರು ಲೆಕ್ಕದಲ್ಲಿ ಏಳಕ್ಕೇ ಇಡ್ಲಿ ಬೇಯಿಸಿ ಇಟ್ಟು ಒಂಬತ್ತಕ್ಕೆ ಆರಿದ್ದು ಕೊಡ್ತಿದ್ದೆ. ಊಟ ಹನ್ನೆರಡೂವರೆಗೇ ಶುರು. ನಾಲ್ಕಕ್ಕೆ ಗೋಳಿಬಜೆ (ಮೈದಾ ಬಜ್ಜಿ), ಬನ್ಸ್ (ಬಾಳೆಹಣ್ಣಿನ ಪೂರಿ), ಪಳಂಪೊರಿ (ಬಾಳೆಹಣ್ಣಿನ ಬಜ್ಜಿ), ಇವು ಮೂರರಲ್ಲಿ ಯಾವುದಾದ್ರೂ ಒಂದು ಇಲ್ದೇ ಇದ್ರೆ ಬಂದೋರು ಬಾಗಿಲಲ್ಲೇ ತಿರುಗಿ ಹೋಗ್ತಾರೆ. ರಾತ್ರಿ ಪೊರೋಟ. ಒಂಬತ್ತಕ್ಕೆ ಪೇಟೆ ಖಾಲಿ. ಯಕ್ಷಗಾನ ಇರೋ ರಾತ್ರಿ ಮಾತ್ರ ಈ ಲೆಕ್ಕ ಇಲ್ಲ. ಯಕ್ಷಗಾನ ಪ್ರಸಂಗ ಬರೆದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ಇದು, ಆಟದ ಅಂದ್ರೆ ಯಕ್ಷಗಾನದ ಮರ್ಲು, ಹುಚ್ಚು ಇರೋ ಊರು, ಹತ್ತಿರದಲ್ಲಿ ಆಟ ಇದೆ ಅಂದ್ರೆ ನಡುರಾತ್ರಿ ಎರಡಕ್ಕೂ ಚಾ ಹೋಗುತ್ತೆ, ಚೆಂಡೆ ಸದ್ದು ಕೇಳ್ತಾ ಪಾತ್ರೆ ತೊಳೆಯೋದು ನಂಗೆ ಇವತ್ತಿಗೂ ಇಷ್ಟ.

ಭಾಷೆ. ಕಾಸರಗೋಡನ್ನ ಸಪ್ತಭಾಷಾ ಸಂಗಮ ಭೂಮಿ ಅಂತಾರೆ, ಒಂದೇ ಟೇಬಲಲ್ಲಿ ತುಳು, ಮಲಯಾಳ, ಹವ್ಯಕ, ಬ್ಯಾರಿ, ಕೊಂಕಣಿ ಎಲ್ಲಾ ಕೇಳುತ್ತೆ. ತುಳುವಲ್ಲಿ "ವಣಸ್ ಆಂಡಾ" ಅಂತ ಒಂದು ಮಾತು ಕಲೀರಿ, ಊಟ ಆಯ್ತಾ ಅಂತ, ಅಷ್ಟಕ್ಕೇ ಮುಖ ಅರಳುತ್ತೆ. ಮಲಯಾಳದಲ್ಲಿ ಮತಿ ಅಂದ್ರೆ ಸಾಕು, ಮತ್ತಿ ಅಂದ್ರೆ ಬೂತಾಯಿ ಮೀನು, ನಮ್ಮ ಹೊಸ ಹುಡುಗ ಒಬ್ಬರು ಮತಿ ಮತಿ ಅಂತಿದ್ರೆ ಇನ್ನೊಂದು ಪ್ಲೇಟ್ ಮೀನು ತಂದಿಟ್ಟಿದ್ದ. "ಉಪ್ಪು ಪೋರ" ಅಂದ್ರೆ ಉಪ್ಪು ಸಾಲದು ಅಂತ, ನಮ್ಮನ್ನ ಪೋರ ಅಂತ ಕರೀತಿಲ್ಲ. ಕರೆಯುವಾಗ ಮಲಯಾಳಿಗಳಿಗೆ ಏಟ್ಟ (ಅಣ್ಣ), ಚೇಚಿ (ಅಕ್ಕ), ಮುಸ್ಲಿಮರಲ್ಲಿ ಹಿರಿಯರಿಗೆ ಇಚ್ಚ, ಉಳಿದೋರಿಗೆ ಅಣ್ಣ ಅಕ್ಕ, ಭಟ್ರೆ, ಶೆಟ್ರೆ, ರೈಗಳೇ. ನಮ್ಮ ಕಡೆ ಸಲಿಗೆಯಲ್ಲಿ ಬರೋ ಏನಯ್ಯಾ, ಬಾರೋ, ಕಣೋ ಇವನ್ನ ಇಲ್ಲಿ ಮಕ್ಕಳ ಹತ್ರ ಬಿಟ್ಟು ಯಾರ ಹತ್ರಾನೂ ಆಡಬೇಡಿ, ಇಲ್ಲಿ ಎಲ್ಲರಿಗೂ ನೀವು.

ಮತ್ತೆ ಅವರ ಕನ್ನಡ ಕೇಳಿ ಪುಸ್ತಕದ ಕನ್ನಡ ಅಂತ ನಗಬೇಡಿ ದಯವಿಟ್ಟು. ನಾವು ಕನ್ನಡವನ್ನ ಏನೂ ಕಷ್ಟ ಪಡದೆ ಪಡೆದೋರು. ಇವರಿಗೆ 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಡಿದು ಕೇರಳಕ್ಕೆ ಸೇರಿಸಿದ ದಿನದಿಂದ ಕನ್ನಡ ಅನ್ನೋದು ಶಾಲೆಗೆ, ಅರ್ಜಿಗೆ, ಬೋರ್ಡಿಗೆ ಹೋರಾಡಿ ಉಳಿಸ್ಕೊಂಡ ಸೊತ್ತು. ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರೋ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಗಡಿ ವಿವಾದಕ್ಕೆ ನೇಮಿಸಿದ್ದ ಮಹಾಜನ ಆಯೋಗದ ವರದಿ ಹೇಳಿತು, ಜಾರಿ ಆಗಲಿಲ್ಲ. ಅದಕ್ಕಾಗಿ ಕೊನೇವರೆಗೂ ಕಾದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಇದೇ ಬದಿಯಡ್ಕದಲ್ಲಿ ಬಾಳಿದೋರು, 2015ರಲ್ಲಿ ನೂರು ತುಂಬಿ ತೀರಿಕೊಂಡ್ರು. ನಮ್ಮ ಹೋಟೆಲಿನ ಬೋರ್ಡು ಕನ್ನಡ ಮಲಯಾಳ ಎರಡರಲ್ಲೂ ಇದೆ, ಕನ್ನಡ ಬರೆಸುವಾಗ ಕಾಗುಣಿತ ತಪ್ಪಿದ್ರೆ ಇಲ್ಲಿನ ಹೈಸ್ಕೂಲ್ ಮಕ್ಕಳೂ ಬಂದು ಹೇಳ್ತಾರೆ, ಆದ್ರಿಂದ ಸರಿಯಾಗಿ ಬರೆಸಿ.

ಕಾಗದ ಪತ್ರದ ಕೆಲಸ ಬೇಗ ಹೇಳಿ ಮುಗಿಸ್ತೀನಿ. ಪಂಚಾಯತ್ ಲೈಸೆನ್ಸು, ಫುಡ್ ಸೇಫ್ಟಿ ರಿಜಿಸ್ಟ್ರೇಷನ್, ನೀರು ಟೆಸ್ಟು, ಅಡುಗೆಯವರಿಂದ ಹಿಡಿದು ಸಪ್ಲೈಯರ್‌ವರೆಗೆ ಎಲ್ಲರಿಗೂ ಹೆಲ್ತ್ ಕಾರ್ಡು. ಕಾರ್ಡಿಗೆ ಟೈಫಾಯ್ಡ್ ಇಂಜೆಕ್ಷನ್ನೂ ಹಾಕಿಸಬೇಕು, ಇದನ್ನ ಇಲ್ಲಿ ಗಂಭೀರವಾಗಿ ನೋಡ್ತಾರೆ. 2022ರಲ್ಲಿ ಇದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದು ಒಂದು ಹುಡುಗಿ ಜೀವ ಹೋಯ್ತು, ಆಮೇಲೆ ಕಾನೂನು ಬಿಗಿಯಾಯ್ತು, 2023ರಿಂದ ಹಸಿ ಮೊಟ್ಟೆಯ ಮಯೋನೈಸ್ ಬಂದ್, ಪಾರ್ಸೆಲ್ ಮೇಲೆ ಮಾಡಿದ ಟೈಮು ಎಷ್ಟರೊಳಗೆ ತಿನ್ನಬೇಕು ಅನ್ನೋ ಸ್ಲಿಪ್ ಅಂಟಿಸಬೇಕು. ತಲೆನೋವು ಅಂದ್ಕೋಬೇಡಿ, ನಮ್ಮ ಕೈ ಊಟ ತಿನ್ನೋರ ವಿಷಯ ಅದು. ಫಾರಂ ಮಲಯಾಳದಲ್ಲಿ ಇದ್ರೆ ಹೆದರಬೇಡಿ, ಇಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು, ಸರ್ಕಾರಕ್ಕೆ ಕನ್ನಡದಲ್ಲೇ ಬರೆಯೋ ಹಕ್ಕು 1969ರ ಕಾಯ್ದೆಯಲ್ಲೇ ಕೊಟ್ಟದ್ದು. ನನ್ನ ಒಂದು ಅರ್ಜಿಯನ್ನ ಒಂದು ಕಚೇರಿಯಲ್ಲಿ ಕನ್ನಡದಲ್ಲಿದೆ ಅಂತ ಮೂರು ಸಲ ವಾಪಸ್ ಕಳಿಸಿದ್ರು, ನಾಲ್ಕನೇ ಸಲ ಸಜ್ಜಿಗೆ ತಿದ್ದಿದ ಆ ಮಾಷ್ಟ್ರೇ ಜೊತೆಗೆ ಬಂದು ಕಾಯ್ದೆ ಹೇಳಿದ್ಮೇಲೆ ತಗೊಂಡ್ರು.

ಮಳೆ ಬಗ್ಗೆ ಹೇಳದೆ ಮುಗಿಯಲ್ಲ. ಜೂನ್ ಹತ್ತಿರ ಬಂದ್ರೆ ಸೌದೆ, ಒಣಮೆಣಸು, ಹಪ್ಪಳ ಎಲ್ಲಾ ಒಳಗೆ ಸೇರಿರಬೇಕು, ಉಪ್ಪಿನ ಡಬ್ಬಿ ಕೂಡ ನೀರು ಬಿಡುತ್ತೆ. ಮೀನೂಟ ಇಡೋರು ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್ (ದೊಡ್ಡ ಬೋಟಲ್ಲಿ ಬಲೆ ಎಳೆದು ಮೀನು ಹಿಡಿಯೋದು) ಬಂದ್ ಅನ್ನೋದು ನೆನಪಿಟ್ಕೊಳ್ಳಿ, ಆ ಐವತ್ತೆರಡು ದಿನ ಮೀನು ಕಡಿಮೆ, ರೇಟು ಜಾಸ್ತಿ. ಜುಲೈ ಮಧ್ಯದಿಂದ ತುಳುವರ ಆಟಿ ತಿಂಗಳು, ಮದುವೆ ಮುಂಜಿ ಇಲ್ಲ, ಗಿರಾಕಿ ಕಡಿಮೆ. ಆದ್ರೆ ಅಡುಗೆ ಕಲಿಯೋಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಕೆಸುವಿನ ಎಲೆಯ ಪತ್ರೊಡೆ, ತಿಮರೆ (ಒಂದೆಲಗ) ಚಟ್ನಿ, ಕಣಿಲೆ (ಎಳೆ ಬಿದಿರು) ಪಲ್ಯ, ಬೇಸಿಗೇಲಿ ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಲಸಿನ ಬೀಜ, ಏನೂ ಇಲ್ಲದ ತಿಂಗಳಲ್ಲಿ ಮನೆಯೋರು ಏನೇನು ಮಾಡ್ಕೊಂಡು ತಿಂತಿದ್ರು ಅನ್ನೋದು ಗೊತ್ತಾಗುತ್ತೆ. ಆಟಿ ಅಮಾವಾಸ್ಯೆ ದಿನ ಸೂರ್ಯ ಹುಟ್ಟೋ ಮುಂಚೆ ಹಾಲೆ ಮರದ ಕೆತ್ತೆಯನ್ನ, ಅಂದ್ರೆ ತೊಗಟೆಯನ್ನ, ಕಲ್ಲಲ್ಲಿ ಜಜ್ಜಿ ತಂದು ಕಷಾಯ ಮಾಡಿ ಖಾಲಿ ಹೊಟ್ಟೆಗೆ ಕುಡೀತಾರೆ, ಕತ್ತಿ ತಾಗಿಸಲ್ಲ. ಕಹಿ ಅಂದ್ರೆ ಗಂಟಲಿನ ಕೆಳಗೂ ಕಹಿ, ಅದರ ಹಿಂದೆ ಮೆಂತೆ ಗಂಜಿ. ನೀವಾಗೇ ಹೋಗಿ ಕೆತ್ತೆ ತರಬೇಡಿ, ಕತ್ತಲಲ್ಲಿ ಕಾಸರಕನ ಮರದ್ದು ತಂದು ಜೀವ ಕಳ್ಕೊಂಡೋರಿದ್ದಾರೆ, ಅದು ವಿಷ, ಕಾಸರಗೋಡು ಅನ್ನೋ ಹೆಸರು ಬಂದಿದ್ದೇ ಆ ಮರದಿಂದ ಅಂತ ಹೇಳೋರೂ ಉಂಟು. ಗೊತ್ತಿರೋರು ಕೊಟ್ರೆ ಮಾತ್ರ ಕುಡೀರಿ.

ನಮ್ಮ ಊಟ ಇಲ್ಲಿ ನಡೆಯೋದೇ ಇಲ್ವಾ ಅಂತ ಕೇಳ್ತೀರಿ. ನಡೆಯುತ್ತೆ, ಸ್ವಲ್ಪ ಕಾಯಬೇಕು. ನಾನು ಐದು ವರ್ಷ ಆದ್ಮೇಲೆ ಭಾನುವಾರಕ್ಕೆ ಮಾತ್ರ ಮುದ್ದೆ ಬಸ್ಸಾರು ಇಟ್ಟೆ, ಮೊದಲು ದುಡ್ಡು ತಗೊಳ್ದೆ ಒಂದೊಂದು ಸಣ್ಣ ಮುದ್ದೆ ಕೊಟ್ಟು ಅಗೀಬೇಡಿ ನುಂಗಿ ಅಂತ ತೋರಿಸಿದೆ. ಈಗ ಸುಮಾರು ಮೂವತ್ತು ಮುದ್ದೆ ಹೋಗುತ್ತೆ, ಅದ್ರಲ್ಲಿ ಘಟ್ಟದವರು ನಾಲ್ಕೈದು ಜನ ಅಷ್ಟೆ.

ಬರೋದಿದ್ರೆ ಮಳೆ ಮುಗಿದ್ಮೇಲೆ ಅಕ್ಟೋಬರಲ್ಲಿ ಬನ್ನಿ. ಅಡ್ವಾನ್ಸ್ ಕೊಡೋ ಮುಂಚೆ ಕುಂಬಳೆ ಸ್ಟೇಷನಲ್ಲಿ ಇಳಿದು ಬಸ್ ಹಿಡಿದು ಈ ಕಡೆ ಬಂದು ಮೂರು ದಿನ ಇರಿ, ಮೂರು ದಿನಾನೂ ಬೇರೆ ಬೇರೆ ಹೋಟೆಲಲ್ಲಿ ಕುಚ್ಚಿಲಕ್ಕಿ ಊಟ ಮಾಡಿ. ನಾಲ್ಕನೇ ದಿನ ನಮ್ಮಲ್ಲಿಗೆ ಬೆಳಿಗ್ಗೆ ಐದಕ್ಕೆ ಬನ್ನಿ, ಅಕ್ಕಿ ತೊಳೆಯೋದರಿಂದ ಬಗ್ಗಿಸೋವರೆಗೆ ನಾನೇ ತೋರಿಸ್ತೀನಿ.